ಗಂಟೆ ಬಾರಿಸುವ ಕ್ವಾಸಿಮೋಡೊ

ಪಾಸ್ಖ ಹಬ್ಬದ ನಂತರದ ಭಾನುವಾರವನ್ನು ಈಗ ನಾವು ದೈವ ಕರುಣೆಯ ಭಾನುವಾರವೆಂದು ಆಚರಿಸುತ್ತೇವೆ. ಅದಕ್ಕೆ ಕ್ವಾಸಿಮೋಡೊ ಭಾನುವಾರ ಎಂಬ ಹಳೆಯ ಹೆಸರೂ ಉಂಟು. ಆ ದಿನದ ಪೂಜೆಯ ಪ್ರವೇಶ ಶ್ಲೋಕ ಲತೀನಿನಲ್ಲಿ ಆರಂಭವಾಗುವುದೇ ಈ ಪದಗಳಿಂದ. ಹೊಸದಾಗಿ ಹುಟ್ಟಿದ ಹಸುಳೆಗಳಂತೆ ಇರಿ ಎಂದು ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ (2:2) ಹೇಳುವ ಮಾತು ಅದು.

ವಿಕ್ಟರ್ ಹ್ಯೂಗೊ 1831ರಲ್ಲಿ ಬರೆದ ಫ್ರೆಂಚ್ ಕಾದಂಬರಿಯ ನಾಯಕನಿಗೆ ಇದೇ ಹೆಸರು. 1467ರ ಆ ಭಾನುವಾರ ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಯಾರೋ ಬಿಟ್ಟುಹೋದ ಮಗು ಅವನು. ಗೂನು ಬೆನ್ನು, ಒಂದೇ ಕಣ್ಣು, ಕುಂಟು ಕಾಲು. ನೋಡಿದವರು ಅಸಹ್ಯಪಟ್ಟರು. ಕ್ಲೋದ್ ಫ್ರೊಲ್ಲೊ ಎಂಬ ಯುವ ಗುರು ಎತ್ತಿಕೊಂಡು ಹೋಗಿ ಜ್ಞಾನಸ್ನಾನ ಕೊಟ್ಟು ಸಾಕಿದ. ಹದಿನಾಲ್ಕನೆಯ ವಯಸ್ಸಿಗೆ ಹುಡುಗ ಗಂಟೆ ಬಾರಿಸುವವನಾದ. ಆ ಗಂಟೆಗಳ ಸದ್ದಿಗೇ ಕಿವುಡಾದ. ಆದರೂ ಅವನಿಗೆ ಗಂಟೆಗಳೆಂದರೆ ಪ್ರಾಣ; ದೊಡ್ಡ ಗಂಟೆ 'ಮರೀ' ಎಲ್ಲಕ್ಕಿಂತ ಅಚ್ಚುಮೆಚ್ಚು.

ಫ್ರೊಲ್ಲೊ ಮಾಡಿದ್ದು ದೊಡ್ಡ ಉಪಕಾರವೇ. ಆದರೆ ಅನ್ನ, ಹೆಸರು, ಕೆಲಸ ಎಲ್ಲ ಕೊಟ್ಟವನು ಹುಡುಗನನ್ನು ತನ್ನ ಮಾತು ಮೀರದ ಆಳಾಗಿ ಬೆಳೆಸಿದ. ಇಬ್ಬರಿಗೂ ಮಾತ್ರ ತಿಳಿಯುವ ಸನ್ನೆ ಭಾಷೆಯೊಂದಿತ್ತು. ಊರಲ್ಲಿ ಬೇರೆ ಯಾರೂ ಅದನ್ನು ಕಲಿಯಲಿಲ್ಲ. ಜನರ ನಗೆಗೆ ಹೆದರಿ ಹುಡುಗ ಮಾತನ್ನೇ ಬಿಟ್ಟ. ಜಗತ್ತು ದ್ವೇಷಿಸಿತು, ಅವನೂ ದ್ವೇಷ ಕಲಿತ.

ಇಪ್ಪತ್ತರ ಪ್ರಾಯದಲ್ಲಿ ಫ್ರೊಲ್ಲೊನ ಅಪ್ಪಣೆಯಂತೆ ಎಸ್ಮೆರಾಲ್ಡ ಎಂಬ ಹುಡುಗಿಯನ್ನು ಹೊತ್ತೊಯ್ಯಲು ಹೋಗಿ ಸಿಕ್ಕಿಬಿದ್ದ. ವಿಚಾರಣೆ ಮಾಡಿದ ನ್ಯಾಯಾಧೀಶನೂ ಕಿವುಡ! ಪ್ರಶ್ನೆ ಇವನಿಗೆ ಕೇಳಿಸದು, ಉತ್ತರ ಅವನಿಗೆ ಕೇಳಿಸದು, ಸಭೆ ನಕ್ಕಿತು. ಚೌಕದಲ್ಲಿ ಕಟ್ಟಿ ಚಾಟಿಯಲ್ಲಿ ಹೊಡೆದರು. ಆ ಹೊತ್ತಿಗೆ ಫ್ರೊಲ್ಲೊ ಹೇಸರಗತ್ತೆಯ ಮೇಲೆ ಬಂದ. ಇವನ ಮುಖ ಅರಳಿತು. ಗುರುತು ಹತ್ತಿದ್ದೇ ತಡ, ಫ್ರೊಲ್ಲೊ ತಲೆ ತಗ್ಗಿಸಿ ಹಿಂದಕ್ಕೆ ತಿರುಗಿಬಿಟ್ಟ. ನೀರು ಕೇಳಿದರೆ ಜನ ಕಲ್ಲೆಸೆದರು. ಆಗ ಮೇಲೆ ಹತ್ತಿ ಬಂದು ಬಾಯಿಗೆ ನೀರು ಹಿಡಿದವಳು ಎಸ್ಮೆರಾಲ್ಡ, ಅವನಿಂದಲೇ ನೊಂದವಳು. ಅವನ ಒಂಟಿ ಕಣ್ಣಿನಿಂದ ಹನಿಯೊಂದು ಉದುರಿತು.

ಬದಲಾವಣೆ ಇಲ್ಲಿಂದ. ಗೂನು ಹೋಗಲಿಲ್ಲ, ಕಿವಿ ಬರಲಿಲ್ಲ. ಅಲ್ಲಿಯವರೆಗೆ ಪಡೆಯುವವನಾಗಿಯೇ ಇದ್ದವನು ಕೊಡುವವನಾದ. ಅವಳಿಗೆ ಅನ್ಯಾಯವಾಗಿ ಮರಣದಂಡನೆಯಾದಾಗ ಹಗ್ಗ ಹಿಡಿದು ಇಳಿದು, ಅವಳನ್ನೆತ್ತಿ ದೇವಾಲಯದ ಆಶ್ರಯಕ್ಕೆ ತಂದ. ತನ್ನ ಊಟ, ತನ್ನ ಹಾಸಿಗೆ ಅವಳಿಗೆ ಕೊಟ್ಟು ತಾನು ಕಲ್ಲಿನ ಮೇಲೆ ಮಲಗಿದ. ಅವಳು ಹೆದರಬಾರದೆಂದು ಮರೆಯಲ್ಲಿ ನಿಂತ. ತನಗೆ ಕೇಳಿಸುವ ಸದ್ದು ಇದೊಂದೇ ಎಂದು ಒಂದು ಸೀಟಿ ಕೊಟ್ಟ.

ಹ್ಯೂಗೊ ಅವನನ್ನು ಸಂತನನ್ನಾಗಿ ಮಾಡುವುದಿಲ್ಲ, ಅದು ಒಳ್ಳೆಯದೇ. ಅವಳನ್ನು ಬಿಡಿಸಲು ಬಂದ ಜನರನ್ನೇ ಶತ್ರುಗಳೆಂದು ತಿಳಿದು ಕೊಲ್ಲುತ್ತಾನೆ. ಅವರು ಕೂಗುತ್ತಿದ್ದದ್ದು ಕೇಳಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಕೊನೆಗೆ ಫ್ರೊಲ್ಲೊನನ್ನೂ ಗೋಪುರದಿಂದ ತಳ್ಳುತ್ತಾನೆ. 1996ರ ಕಾರ್ಟೂನ್ ಸಿನಿಮಾ ನೋಡಿದ ಮಕ್ಕಳಿಗೆ ಈ ಅಂತ್ಯ ಗೊತ್ತಿರಲಾರದು.

ತಮಿಳು, ಕನ್ನಡ, ತೆಲುಗು ಮೂರೂ ಕೇಳುವ ಹೊಸೂರು ಸೀಮೆಯಲ್ಲಿ ಪೂಜೆ ಯಾವ ಭಾಷೆಯಲ್ಲಿ ಎಂದು ನಾವು ಎಷ್ಟೋ ಸಲ ವಾದಿಸುತ್ತೇವೆ. ಕಿವಿ ಕೇಳದವರಿಗೆ ಮೂರೂ ಒಂದೇ. ಅನ್ಬಿಯಂ ಕೂಟದಲ್ಲಿ ಇದನ್ನು ಓದುವವರು ಮಾರ್ಕ 7:31-37ನ್ನೂ ಓದಿ, ಈ ಎರಡು ಪ್ರಶ್ನೆಗಳನ್ನು ಮಾತಾಡಿಕೊಳ್ಳಬಹುದು: ಯೇಸುಸ್ವಾಮಿ ಆ ಕಿವುಡನನ್ನು ಗುಂಪಿನಿಂದ ಆಚೆಗೆ ಕರೆದುಕೊಂಡು ಹೋಗಿದ್ದೇಕೆ? ನಮ್ಮ ಬೀದಿಯ ವಿಕಲಚೇತನರಿಗೆ ನಾವು ಕೊಡುವುದನ್ನು ಬಲ್ಲೆವು. ಅವರ ಕೈಯಿಂದ ನಾವು ಪಡೆದದ್ದೇನು?