‘ಕ್ರಾಸ್’ ಎಂಬ ಪದಕ್ಕೆ ಎಷ್ಟು ಅರ್ಥ?



ಹೋದ ವರ್ಷ ನಮ್ಮ ಮನೆಯ ಹಸು ಮಾರಿದೆವು. ಕೊಂಡವರು ಚೆಕ್ಕು ಕೊಟ್ಟರು. ಪಕ್ಕದ ಮನೆ ಮಾಮ, “ಇದನ್ನ ಕ್ರಾಸ್ ಮಾಡಿ ಇಟ್ಕೊಳ್ಳಿ, ಕಳೆದ್ರೂ ಭಯ ಇಲ್ಲ” ಅಂದರು. ಅಕ್ಕ ಮನೆಯಲ್ಲಿರಲಿಲ್ಲ. ನಾನೇ ಪೆನ್ನು ತಗೊಂಡು, ತಪ್ಪು ಉತ್ತರಕ್ಕೆ ಮೇಷ್ಟ್ರು ಹಾಕುವ ಹಾಗೆ, ಚೆಕ್ಕಿನ ತುಂಬ ಇಂಟು ಗುರುತು ಹಾಕಿಬಿಟ್ಟೆ! ಬ್ಯಾಂಕಿನಲ್ಲಿ ತೆಗೆದುಕೊಳ್ಳಲಿಲ್ಲ. ಬೇರೆ ಚೆಕ್ಕು ಬರುವಷ್ಟರಲ್ಲಿ ಅಕ್ಕನ ಕಾಲೇಜು ಫೀಸಿನ ಕೊನೆಯ ದಿನ ಕಳೆದು, ದಂಡ ಕಟ್ಟಬೇಕಾಯಿತು. ಅಪ್ಪ ಬೈಯಲಿಲ್ಲ. ಅದೇ ನನಗೆ ಹೆಚ್ಚು ಬೇಜಾರಾಯಿತು.

ಆಮೇಲೆ ಈ ಪದ ಎಲ್ಲೆಲ್ಲಿ ಬರುತ್ತದೆಂದು ಹುಡುಕಿ ಬರೆದುಕೊಂಡೆ.

1. ಚೆಕ್ಕು: ಚೆಕ್ಕಿನ ಮೇಲೆ ಅಡ್ಡಲಾಗಿ ಎರಡು ಸಮಾನಾಂತರ ಗೆರೆ ಎಳೆಯುವುದೇ ಕ್ರಾಸ್ ಮಾಡುವುದು. ಸಾಮಾನ್ಯವಾಗಿ ಎಡ ಮೂಲೆಯಲ್ಲಿ ಎಳೆಯುತ್ತಾರೆ. ಆಗ ಹಣ ಖಾತೆಗೇ ಹೋಗುತ್ತದೆ, ಕೌಂಟರಿನಲ್ಲಿ ಕೈಗೆ ಕೊಡುವುದಿಲ್ಲ. ಈ ನಿಯಮ 1881ರ ಕಾಯ್ದೆಯಲ್ಲಿದೆ.

2. ಬೀದಿ: ಆರ್.ಟಿ. ನಗರದ ವಿಳಾಸಗಳಲ್ಲಿ ಮೇನ್, ಕ್ರಾಸ್ ಎಂದಿರುತ್ತದೆ. ಮೇನ್ ರಸ್ತೆಗೆ ಅಡ್ಡಲಾಗಿ ಹೋಗುವುದು ಕ್ರಾಸ್.

3. ಬಸ್ ಸ್ಟಾಪು: ಯಲಹಂಕದ ಹತ್ತಿರ ಬಳ್ಳಾರಿ ರಸ್ತೆಯಲ್ಲಿ ‘ಬಾಗಲೂರು ಕ್ರಾಸ್’ ಇದೆ. ಅಲ್ಲಿ ಇಳಿದರೆ ಬಾಗಲೂರು ಸಿಗುವುದಿಲ್ಲ! ಅದು ಬಾಗಲೂರಿಗೆ ತಿರುಗುವ ಜಾಗ. ಊರು ಇನ್ನೂ ದೂರ.

4. ರೈಲು: ಒಂದೇ ಹಳಿ ಇರುವ ಕಡೆ, ಎದುರಿನ ರೈಲು ದಾಟಲೆಂದು ಇನ್ನೊಂದು ರೈಲು ಸ್ಟೇಷನ್ನಿನಲ್ಲಿ ಕಾಯುತ್ತದೆ. ಅದಕ್ಕೆ “ಕ್ರಾಸಿಂಗಿಗೆ ನಿಂತಿದೆ” ಅನ್ನುತ್ತಾರೆ.

5. ಹಸು: ನಾವು ಮಾರಿದ್ದು ಎಚ್.ಎಫ್. ಕ್ರಾಸ್. ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಸೀಮೆ ತಳಿ ಸೇರಿದ ಮಿಶ್ರತಳಿ.

6. ಶಿಲುಬೆ: ಕ್ರೈಸ್ತರ ಶಿಲುಬೆಯೂ ಕ್ರಾಸ್. ಲ್ಯಾಟಿನ್ ಭಾಷೆಯ ‘ಕ್ರುಕ್ಸ್’ ಇದರ ಮೂಲ.

7. ಸಿಟ್ಟು: ‘ಶಿ ಈಸ್ ಕ್ರಾಸ್’ ಎಂದರೆ ಅವಳು ಸಿಟ್ಟಾಗಿದ್ದಾಳೆ ಎಂದರ್ಥ.

ಇಷ್ಟೊಂದು ಅರ್ಥ ನೆನಪಿಡುವುದು ಹೇಗೆ? ನೋಡಿ, ಹೆಚ್ಚಿನವುಗಳಲ್ಲಿ ನಮ್ಮ ‘ಅಡ್ಡ’ ಅಡಗಿದೆ: ಅಡ್ಡಗೆರೆ, ಅಡ್ಡರಸ್ತೆ, ಅಡ್ಡ ದಾಟುವುದು. ಕನ್ನಡದ ‘ಅಡ್ಡ’ವೂ ಹೀಗೇ ಅಲ್ಲವೇ? ಅಡ್ಡಹೆಸರು ಬೇರೆ, ದೇವರಿಗೆ ಅಡ್ಡಬೀಳುವುದು ಬೇರೆ, ಮಾತಿಗೆ ಅಡ್ಡ ಬಾಯಿ ಹಾಕುವುದು ಬೇರೆ. ನಮಗೆ ಯಾವತ್ತೂ ಗೊಂದಲ ಆಗಲ್ಲ. ಯಾಕೆಂದರೆ ಅಕ್ಕಪಕ್ಕದ ಮಾತು ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿಗೂ ಅದೇ ದಾರಿ.

ಗೊತ್ತಾಗದಿದ್ದರೆ ಕೇಳಿ. ಕೇಳಿದರೆ ಒಂದು ಗಳಿಗೆ ನಾಚಿಕೆ. ನಾನು ಕೇಳದೆ ದಂಡ ಕಟ್ಟಿಸಿದೆ.

ನಿಮಗೆ ಕೆಲಸ: ‘ಲೈನ್’ ಎಂಬ ಪದಕ್ಕೆ ಐದು ಅರ್ಥ ಹುಡುಕಿ, ಮುಂದಿನ ಸಂಚಿಕೆಗೆ ಬರೆದುಕೊಡಿ.