ಮಳೆ ಅಳೆಯುವ ತರಗತಿ

ಆರು, ಏಳು, ಎಂಟನೇ ತರಗತಿಗಳಿಗೆ ಗಣಿತ ಮತ್ತು ವಿಜ್ಞಾನ ಕಲಿಸುತ್ತ ಬಂದ ನನಗೆ ಯೋಜನಾ ಕಾರ್ಯಗಳ ಮೇಲಿನ ನಂಬಿಕೆ ಒಂದು ಹಂತದಲ್ಲಿ ಹೊರಟೇಹೋಗಿತ್ತು. ಥರ್ಮೋಕೋಲಿನ ಜ್ವಾಲಾಮುಖಿ, ಅಂಗಡಿಯ ಚಿತ್ರ ಅಂಟಿಸಿದ ಚಾರ್ಟು, ಮನೆಯವರು ಬರೆದುಕೊಟ್ಟ ನಾಲ್ಕು ಪುಟ: ಇವಕ್ಕೆ ಹಾಕುವ ಅಂಕ ಮಗುವಿಗೆ ಸಲ್ಲುತ್ತದೋ ಮನೆಯವರಿಗೋ ಹೇಳುವುದು ಕಷ್ಟ. ವಿಷಯಗಳನ್ನು ಜೋಡಿಸುತ್ತೇವೆಂದು ನೀರಿನ ಮೇಲೊಂದು ಹಾಡು, ನೀರಿನ ಮೇಲೊಂದು ಲೆಕ್ಕ, ನೀರಿನ ಮೇಲೊಂದು ಚಿತ್ರ ಮಾಡಿಸಿದರೂ ಅಷ್ಟೇ. ಹಾಡನ್ನು ತೆಗೆದುಹಾಕಿದರೆ ಲೆಕ್ಕಕ್ಕೆ ಏನೂ ಆಗುವುದಿಲ್ಲ. ನಂಬಿಕೆ ಮರಳಿದ್ದು ಮಳೆ ಅಳೆಯುವ ಕೆಲಸದಿಂದ. ಅದು ನನಗೆ ಕಲಿಸಿದ್ದಿಷ್ಟು: ಯಾವ ಪ್ರಶ್ನೆಯ ಉತ್ತರ ಪಠ್ಯಪುಸ್ತಕದಲ್ಲೂ ಇಲ್ಲ, ಮೇಷ್ಟರಿಗೂ ಗೊತ್ತಿಲ್ಲ, ಒಂದು ವಿಷಯವನ್ನು ಕೈಬಿಟ್ಟರೆ ಸಿಗುವುದೂ ಇಲ್ಲವೋ, ಅಂಥ ಪ್ರಶ್ನೆಯಲ್ಲಿ ಮಾತ್ರ ವಿಷಯಗಳು ನಿಜವಾಗಿ ಕೂಡುತ್ತವೆ. ‘ಈ ಮುಂಗಾರಿನಲ್ಲಿ ನಮ್ಮ ಶಾಲೆಯ ಮಾಡಿನ ಮೇಲೆ ಎಷ್ಟು ಲೀಟರ್ ನೀರು ಬಿತ್ತು?’ ಎಂಬುದು ಅಂಥದೊಂದು ಪ್ರಶ್ನೆ.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಒಳಗಿಟ್ಟರೆ ಮಳೆಮಾಪಕದ ಆಲಿಕೆ ಸಿದ್ಧ. ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ಬಾಟಲಿ ನೆಟ್ಟಗಾಗುವ ಕಡೆಯವರೆಗೆ ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆಯಬೇಕು. ಗಣಿತ ಶುರುವಾಗುವುದು ಇಲ್ಲಿಂದ. ಆಲಿಕೆಯ ಬಾಯಿ ಕೆಳಗಿನ ಪಾತ್ರೆಗಿಂತ ಎರಡರಷ್ಟು ಅಗಲವಾಗಿದ್ದರೆ ನೀರು ಎಷ್ಟು ಪಟ್ಟು ಏರುತ್ತದೆ ಎಂದು ಕೇಳಿದರೆ ಹೆಚ್ಚಿನ ಮಕ್ಕಳ ಉತ್ತರ ಎರಡು ಪಟ್ಟು. ಏರುವುದು ನಾಲ್ಕು ಪಟ್ಟು. ವೃತ್ತದ ವಿಸ್ತೀರ್ಣದ ಸೂತ್ರದಲ್ಲಿ ತ್ರಿಜ್ಯದ ತಲೆಯ ಮೇಲೆ ಕೂತಿರುವ ಆ 2 ಯಾಕೆ ಬೇಕು ಎಂಬುದನ್ನು ಕಪ್ಪು ಹಲಗೆಗಿಂತ ಈ ನೀರು ಚೆನ್ನಾಗಿ ತೋರಿಸುತ್ತದೆ. ಮುಂದಿನದು ಮಾಡಿನ ಲೆಕ್ಕ. 1 ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 45 ಚದರ ಮೀಟರಿನ ಕೊಠಡಿಯ ಮೇಲೆ 10 ಮಿ.ಮೀ. ಬಿದ್ದರೆ 450 ಲೀಟರ್, ಅಂದರೆ 200 ಲೀಟರಿನ ಎರಡು ಡ್ರಮ್ಮು ತುಂಬಿ ಇನ್ನೂ ಉಳಿಯುತ್ತದೆ. ಆದರೆ ಹೆಂಚಿನ ಮಾಡು ಇಳಿಜಾರು. ಇಳಿಜಾರಿನ ಉದ್ದವನ್ನು ಅಳೆಯಬೇಕೋ, ಮಾಡು ನೆಲದ ಮೇಲೆ ಮುಚ್ಚುವ ಜಾಗವನ್ನೋ? ನೆಟ್ಟಗೆ ಬೀಳುವ ಮಳೆಗೆ ಲೆಕ್ಕ ಎರಡನೆಯದೇ. ಇದನ್ನು ನಾನಾಗಿ ಹೇಳದೆ ಕಾದರೆ ತರಗತಿ ಎರಡು ಪಕ್ಷವಾಗಿ ವಾದಿಸುತ್ತದೆ, ಆ ವಾದವೇ ರೇಖಾಗಣಿತದ ಪಾಠ.

ಕನ್ನಡ ಪಾಠವೂ ಇಲ್ಲಿ ಶೃಂಗಾರಕ್ಕೆ ಬಂದದ್ದಲ್ಲ. ಸೋನೆ, ತುಂತುರು, ಜಡಿಮಳೆ, ಬಿರುಮಳೆ ಎಂಬ ಮಾತುಗಳು ಹಿರಿಯರ ಬಾಯಲ್ಲಿವೆ. ಬಹಳ ಮಕ್ಕಳಿಗೆ ಎಲ್ಲವೂ ಬರೀ ಮಳೆ. ಗಂಟೆಗೆ ಎಷ್ಟು ಮಿ.ಮೀ. ಬಿದ್ದರೆ ಅಜ್ಜಿ ಅದನ್ನು ಸೋನೆ ಅನ್ನುತ್ತಾರೆ, ಎಲ್ಲಿಗೆ ಬಿರುಮಳೆ ಅನ್ನುತ್ತಾರೆ ಎಂದು ಹುಡುಕಲು ಹೊರಟರೆ ಪದಕ್ಕೆ ಅಂಕಿ ಬೇಕು, ಅಂಕಿಗೆ ಪದ ಬೇಕು. ಹವಾಮಾನ ಇಲಾಖೆಯೂ ಇದನ್ನೇ ಮಾಡುತ್ತದೆ: 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಅದು ‘ಭಾರಿ ಮಳೆ’. ರೈತರ ಮಳೆ ಲೆಕ್ಕ ತಿಂಗಳಿನದಲ್ಲ, ನಕ್ಷತ್ರದ್ದು. ಸೂರ್ಯ ವರ್ಷದಲ್ಲಿ 27 ನಕ್ಷತ್ರ ದಾಟುವುದರಿಂದ ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಜೂನ್ ಮೊದಲ ವಾರದ ಕೊನೆಗೆ ಮೃಗಶಿರ, ಮೂರನೇ ವಾರ ಮುಗಿಯುವಾಗ ಆರಿದ್ರಾ. ಅದೇ ಅಂಕಿಗಳಿಂದ ತಿಂಗಳಿಗೊಂದು, ನಕ್ಷತ್ರಕ್ಕೊಂದು ಸ್ತಂಭಾಲೇಖ ಬರೆಸಿದರೆ, ತಿಂಗಳ ಆಲೇಖದಲ್ಲಿ ಅಡಗಿಹೋದ ಹದಿನೈದು ದಿನದ ಒಣಹವೆ ನಕ್ಷತ್ರದ ಆಲೇಖದಲ್ಲಿ ಎದ್ದು ಕಾಣಬಹುದು. ಬಿತ್ತನೆಗೆ ಕಾದು ಕೂತವನಿಗೆ ಬೇಕಾದದ್ದು ಆ ಹದಿನೈದು ದಿನದ ಸುದ್ದಿ. ಸಮಾಜ ವಿಜ್ಞಾನದಲ್ಲಿ ಬಾಯಿಪಾಠವಾಗುವ ‘ಕೃಷಿ ಮಳೆಯೊಡನೆ ಆಡುವ ಜೂಜು’ ಎಂಬ ವಾಕ್ಯಕ್ಕೆ ಆಗ ಅರ್ಥ ಬರುತ್ತದೆ.

ಆಕ್ಷೇಪಗಳು ಹಗುರವಾದವಲ್ಲ. ಸಿಲಬಸ್ ಮುಗಿಯುವುದಿಲ್ಲ ಎಂಬುದು ಮೊದಲನೆಯದು. ವಿಸ್ತೀರ್ಣ, ಸರಾಸರಿ, ಅನುಪಾತ, ಆಲೇಖ ಇವನ್ನು ಹೇಗೂ ಕಲಿಸಲೇಬೇಕು, ಆ ಪಿರಿಯಡ್‌ಗಳನ್ನೇ ಇದಕ್ಕೆ ಕೊಡಬಹುದು. ಹಾಗೆಂದು ಋಣಸಂಖ್ಯೆಯನ್ನೋ ವಿಭಕ್ತಿ ಪ್ರತ್ಯಯವನ್ನೋ ಮಳೆಗೆ ಎಳೆದು ಕಟ್ಟಬಾರದು. ಅವು ಬೇರೆಯಾಗಿಯೇ ಚೆನ್ನಾಗಿ ಕಲಿಸಲು ಬರುವ ಪಾಠಗಳು. ಎರಡನೆಯದು ಇನ್ನೂ ಗಟ್ಟಿ. ಹೊಸಬರಿಗೆ ಮಾರ್ಗದರ್ಶನವಿಲ್ಲದೆ ‘ನೀನೇ ಕಂಡುಹಿಡಿ’ ಎಂದರೆ ತಲೆಯ ಮೇಲೆ ಹೊರೆ ಬೀಳುತ್ತದೆಯೇ ಹೊರತು ಕಲಿಕೆಯಾಗದು ಎಂದು ಕಲಿಕೆಯ ಸಂಶೋಧಕರಾದ ಕಿರ್ಶ್‌ನರ್, ಸ್ವೆಲ್ಲರ್, ಕ್ಲಾರ್ಕ್ 2006ರಲ್ಲಿ ವಾದಿಸಿದರು. ಇದನ್ನು ನಾನು ಒಪ್ಪುತ್ತೇನೆ. ಪ್ರಾಜೆಕ್ಟ್ ಅಂದರೆ ಮೇಷ್ಟರು ಸುಮ್ಮನಿರಬೇಕು ಎಂದು ತಿಳಿದಿದ್ದ ಕಾಲದಲ್ಲಿ ಚುರುಕಾದ ಇಬ್ಬರು ಮಾಡುತ್ತಿದ್ದರು, ಉಳಿದವರು ನೋಡುತ್ತಿದ್ದರು. ಏಕಮಾನ ಬದಲಿಸುವುದನ್ನು ನೇರವಾಗಿ ಕಲಿಸಿ, ನಾಲ್ಕು ಲೆಕ್ಕ ಮಾಡಿಸಿ, ಆಮೇಲೆ ಮಾಡಿನ ಬುಡಕ್ಕೆ ಕರೆದೊಯ್ಯಬೇಕು. ವಾದಕ್ಕೆ ಬಿಡುವುದು ಅಷ್ಟು ಕೈಯಲ್ಲಿದ್ದ ಮೇಲೆ. ಸರ್ಕಾರಿ ಶಾಲೆಗಳಲ್ಲಿ ಇದೆಲ್ಲ ಆಗದು ಎನ್ನುವವರು ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯ ಕಡೆ ನೋಡಬೇಕು. 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ಅಲ್ಲಿನ ವಿಜ್ಞಾನ ಕಾರ್ಯಕ್ರಮ, ಇದೇ ಆರರಿಂದ ಎಂಟನೇ ತರಗತಿಯ ಹಳ್ಳಿ ಮಕ್ಕಳ ಕೈಗೆ ಪ್ರಯೋಗ ಕೊಟ್ಟು ಮೂರು ದಶಕ ನಡೆಯಿತು. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಯೂ ಅಲ್ಲಿತ್ತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಕಲಿಸುವ ಕ್ರಮವನ್ನು ಬದಲಿಸುವವರು ಪರೀಕ್ಷೆಯನ್ನೂ ಬದಲಿಸಬೇಕೆಂದು ಆ ಕಾರ್ಯಕ್ರಮಕ್ಕೆ ಗೊತ್ತಿತ್ತು, ನಾವು ಮರೆಯುವುದು ಇದನ್ನೇ.

ಪರೀಕ್ಷೆಯ ಮಾತು ಬಂದದ್ದರಿಂದ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದಾದ ಪಾಠ ಹೇಳಬೇಕು. ಸರಿಯುತ್ತರಕ್ಕೆ ಅಂಕ ಎಂದರೆ ಮಕ್ಕಳು ಪಕ್ಕದ ಗುಂಪಿನ ಅಂಕಿಯನ್ನು ನಕಲು ಮಾಡುತ್ತಾರೆ. ಅದು ಮಕ್ಕಳ ತಪ್ಪಲ್ಲ, ಅಂಕ ಕೊಡುವ ಕ್ರಮದ್ದು. ಈಗ ನಾನು ನೋಡುವುದು ಒಬ್ಬೊಬ್ಬರ ದಿನದ ಪುಸ್ತಕ: ಎಷ್ಟು ಗಂಟೆಗೆ ಓದಿದರು, ಮಾಪಕ ಮರದ ಕೆಳಗಿತ್ತೇ, ಎರಡು ಗುಂಪಿನ ಅಂಕಿ ಬೇರೆಯಾದಾಗ ಕಾರಣ ಏನೆಂದು ಬರೆದರು. ಭಾನುವಾರ ಓದಲು ಯಾರೂ ಇರುವುದಿಲ್ಲ, ಆದ್ದರಿಂದ ಸೋಮವಾರದ ಅಂಕಿ ಎರಡು ದಿನದ್ದು, ಹಾಗೆಂದೇ ಬರೆಯಬೇಕು. ಮಳೆ ಬಾರದ ದಿನ 0. ನೀರು ಚೆಲ್ಲಿಹೋದ ದಿನ, ಓದದೆ ಸುರಿದುಬಿಟ್ಟ ದಿನ ಬರೀ ಒಂದು ಅಡ್ಡಗೆರೆ. ಸರಾಸರಿ ತೆಗೆಯುವಾಗ ಸೊನ್ನೆಯ ದಿನವನ್ನು ಎಣಿಸಬೇಕು, ಗೆರೆಯ ದಿನವನ್ನು ಬಿಡಬೇಕು. ಆ ಗೆರೆ ಎಳೆದ ಮಗುವಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.