ಎಂಜಿನ್ನಿನ ಹಳದಿ ದೀಪ: ಹೊಸದಾಗಿ ಬಂದ ಕುಟುಂಬಗಳಿಗೆ

ಕ್ಯಾಲಿಫೋರ್ನಿಯಕ್ಕೆ ಬಂದಿಳಿದ ಕುಟುಂಬವೊಂದು ಬಾಡಿಗೆಯ ಮನೆ, ಮಕ್ಕಳ ಶಾಲೆ, ಡ್ರೈವಿಂಗ್ ಲೈಸೆನ್ಸ್ ಇವುಗಳ ವ್ಯವಸ್ಥೆಯನ್ನು ಒಂದೊಂದಾಗಿ ಮಾಡಿಕೊಂಡು, ಬಸ್ಸು ರೈಲುಗಳನ್ನೇ ನಂಬಿ ಇಲ್ಲಿನ ದಿನಚರಿ ಸಾಗದೆಂಬುದನ್ನು ಮನಗಂಡು, ಕೈಯಲ್ಲಿರುವ ಹಣಕ್ಕೆ ತಕ್ಕಂತೆ ಹಳೆಯ ಕಾರೊಂದನ್ನು ಕೊಂಡ ಕೆಲವೇ ವಾರಗಳಲ್ಲಿ, ಸ್ಟೇರಿಂಗಿನ ಎದುರಿನ ಫಲಕದ ಮೇಲೆ ಎಂಜಿನ್ನಿನ ಆಕೃತಿಯ ಹಳದಿ ದೀಪವೊಂದು ಹೊತ್ತಿಕೊಳ್ಳುವುದು ಅಪರೂಪದ ಸಂಗತಿಯಲ್ಲ. ಕಾರು ಎಂದಿನಂತೆ ಓಡುತ್ತಿರುತ್ತದೆ. ಶಬ್ದದಲ್ಲಿ ವ್ಯತ್ಯಾಸ ಕಾಣದು. ಆದರೂ ದೀಪ ಆರುವುದಿಲ್ಲ. ಭಯಗೊಂಡು, ಮೊದಲು ಸಿಕ್ಕ ಗ್ಯಾರೇಜಿನಲ್ಲಿ ಕೇಳಿದಷ್ಟು ಹಣ ತೆತ್ತು ಬರುವವರನ್ನೂ, ತಿಂಗಳುಗಟ್ಟಲೆ ಅದನ್ನು ಲೆಕ್ಕಿಸದೆ ಓಡಿಸುವವರನ್ನೂ ಇಲ್ಲಿನ ನಮ್ಮ ಕನ್ನಡ ಕೂಟದಲ್ಲಿ ನಾನು ನೋಡುತ್ತ ಬಂದಿದ್ದೇನೆ. ಇಬ್ಬರಿಗೂ ನಷ್ಟವೇ. ಆ ದೀಪ ಹೇಳುವುದೆಷ್ಟು, ಹೇಳದೆ ಉಳಿಸುವುದೆಷ್ಟು ಎಂಬುದನ್ನು ಅರಿತವರಿಗೆ ಈ ನಷ್ಟದ ಬಹುಭಾಗ ತಪ್ಪುತ್ತದೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ದೀಪದ ಮೂಲವಿರುವುದು ಈ ರಾಜ್ಯದ ಗಾಳಿಯಲ್ಲಿ. 1940ರ ದಶಕದಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿಯತೊಡಗಿದಾಗ ಅದರ ಕಾರಣ ಸ್ಪಷ್ಟವಾಗಿರಲಿಲ್ಲ. ಕ್ಯಾಲ್‌ಟೆಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಏರಿ ಹಾಗನ್-ಸ್ಮಿತ್ ಅವರು, ಮೋಟಾರುಗಳಿಂದಲೂ ತೈಲಶುದ್ಧಿಯ ಸ್ಥಾವರಗಳಿಂದಲೂ ಹೊರಬೀಳುವ ದಹಿಸದ ಹೈಡ್ರೋಕಾರ್ಬನ್ನುಗಳು ನೈಟ್ರೋಜನ್ನಿನ ಆಕ್ಸೈಡುಗಳೊಡನೆ ಸೂರ್ಯನ ಬೆಳಕಿನಲ್ಲಿ ವರ್ತಿಸಿ ಓಜೋನನ್ನು ಉಂಟುಮಾಡುತ್ತವೆಂಬುದನ್ನು ತೋರಿಸಿಕೊಟ್ಟ ತರುವಾಯ, ವಾಹನಗಳ ಹೊಗೆಯನ್ನು ಹತೋಟಿಗೆ ತರುವ ಕಾನೂನುಗಳು ಒಂದರ ಹಿಂದೆ ಒಂದರಂತೆ ಬಂದವು. 1975ರ ಮಾದರಿಗಳಿಂದ ಬಹುತೇಕ ಕಾರುಗಳಿಗೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿತು; 1996ರ ಮಾದರಿಗಳಿಂದ ಅಮೆರಿಕದಲ್ಲಿ ಮಾರುವ ಕಾರುಗಳೆಲ್ಲಕ್ಕೂ ಒಬಿಡಿ-2 ಎಂಬ ಏಕರೂಪದ ಸ್ವಯಂಪರೀಕ್ಷೆಯ ವ್ಯವಸ್ಥೆ ಕಡ್ಡಾಯವಾಯಿತು. ಆದುದರಿಂದ ಈ ಹಳದಿ ದೀಪವು ಮುಖ್ಯವಾಗಿ ಹೊಗೆಯ ಪ್ರಮಾಣವನ್ನು ಹೆಚ್ಚಿಸಬಲ್ಲ ದೋಷಗಳನ್ನು ಸೂಚಿಸತಕ್ಕದ್ದು. ಎಂಜಿನ್ನಿನ ಪ್ರಾಣಕ್ಕೇ ಕುತ್ತು ಬಂದಾಗ ಹೊತ್ತಿಕೊಳ್ಳುವವು ಎಣ್ಣೆಯ ಒತ್ತಡದ ಮತ್ತು ಅತಿತಾಪದ ಕೆಂಪು ದೀಪಗಳು. ಅವನ್ನು ಕಂಡೊಡನೆ ಸುರಕ್ಷಿತವಾದ ಸ್ಥಳದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಬೇಕು.

ಹಳದಿ ದೀಪದಲ್ಲಿಯೂ ಒಂದು ಭೇದವುಂಟು. ಅದು ಸ್ಥಿರವಾಗಿ ಉರಿಯುತ್ತಿದ್ದು, ಕಾರಿನ ಓಟದಲ್ಲಿ ವ್ಯತ್ಯಾಸವಿಲ್ಲದಿದ್ದರೆ, ಕೆಲಸ ಮುಗಿಸಿ ಮನೆಗೆ ಬಂದು ಕೆಲವು ದಿನಗಳೊಳಗೆ ಪರೀಕ್ಷಿಸಬಹುದು. ಮಿನುಗುತ್ತಿದ್ದರೆ ಅಷ್ಟು ವ್ಯವಧಾನವಿಲ್ಲ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯದೆ ಹಾಗೆಯೇ ಹೊರಕ್ಕೆ ಹೋಗಿ, ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಅದನ್ನು ಹಾಳುಮಾಡುವಷ್ಟು ಕಾಯಿಸುತ್ತಿದೆಯೆಂಬುದು ಅದರ ಅರ್ಥ. ಫ್ರೀವೇಯಲ್ಲಿದ್ದರೆ ಆಕ್ಸಿಲರೇಟರಿನ ಮೇಲಿನ ಕಾಲನ್ನು ಹಗುರಮಾಡಿ, ಬೇಗನೆ ಪಕ್ಕಕ್ಕೆ ಬಂದು, ವಿಮೆಯವರ ಅಥವಾ ವಾಹನ ಸಂಘದ ರಸ್ತೆ ಸಹಾಯವನ್ನು ಕರೆಯಿರಿ. ಟೋ ಮಾಡಿಸುವ ವೆಚ್ಚಕ್ಕೆ ಅಳುಕಿ ಮನೆಯವರೆಗೂ ಓಡಿಸಿದರೆ, ಸ್ಪಾರ್ಕ್ ಪ್ಲಗ್ಗಿನಷ್ಟರಲ್ಲಿ ಮುಗಿಯಬಹುದಾಗಿದ್ದ ದುರಸ್ತಿ ಸಾವಿರಾರು ಡಾಲರುಗಳ ಕನ್ವರ್ಟರಿನವರೆಗೆ ಬೆಳೆಯಬಹುದು.

ಸ್ಥಿರವಾಗಿ ಉರಿಯುವ ದೀಪಕ್ಕೆ ಎಲ್ಲಕ್ಕೂ ಮೊದಲು ನೋಡಬೇಕಾದುದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ನಾವು ಬಿಟ್ಟುಬಂದ ಊರಿನಲ್ಲಿ ಬಂಕಿನ ಹುಡುಗನೇ ಪೆಟ್ರೋಲ್ ಹಾಕಿ, ಮುಚ್ಚಳ ತಿರುಗಿಸಿ, ಕೀಲಿಕೈ ಹಿಂದಿರುಗಿಸುತ್ತಿದ್ದುದರಿಂದ ಅದರ ಕಡೆ ನಮ್ಮ ಗಮನ ಹೋದದ್ದೇ ಕಡಮೆ. ಇಲ್ಲಿ ಆ ಕೆಲಸ ನಮ್ಮದೇ. ಟ್ಯಾಂಕಿನ ಆವಿ ಹೊರಗೆ ಸೋರದೆ ಇದ್ದಿಲಿನ ಡಬ್ಬಿಯೊಂದರಲ್ಲಿ ಹೀರಲ್ಪಟ್ಟು ಎಂಜಿನ್ನಿಗೆ ಸೇರುವಂತೆ ಕಾರಿನಲ್ಲಿ ಏರ್ಪಾಡಿರುವುದರಿಂದ, ಮುಚ್ಚಳ ಸಡಿಲವಾಗಿದ್ದರೆ ಅಥವಾ ಅದರ ರಬ್ಬರಿನ ಬಳೆ ಬಿರುಕುಬಿಟ್ಟಿದ್ದರೆ ಕಂಪ್ಯೂಟರು ಸೋರಿಕೆಯನ್ನು ಕಂಡುಹಿಡಿದು ದೀಪ ಹೊತ್ತಿಸುತ್ತದೆ. ಟಿಕ್ ಟಿಕ್ ಎಂದು ಕೇಳಿಸುವ ತನಕ ಬಿಗಿಮಾಡಿರಿ. ಬಿಗಿಮಾಡಿದ ತಕ್ಷಣ ದೀಪ ಆರಲಿಲ್ಲವೆಂದು ನಿರಾಶರಾಗಬೇಡಿ. ಪರೀಕ್ಷೆ ಪೂರ್ಣವಾಗಿ ನಡೆದು, ದೋಷವಿಲ್ಲದೆ ಮೂರು ಸಲ ಕ್ರಮವಾಗಿ ಓಡಿದ ಮೇಲೆಯೇ ಅದು ತಾನಾಗಿ ಆರತಕ್ಕದ್ದು, ಮತ್ತು ಅದಕ್ಕೆ ಹಲವು ದಿನಗಳು ಹಿಡಿಯಬಹುದು. ಇನ್ನೊಂದು ಮಾತು: ಪಂಪು ತಾನಾಗಿ ನಿಂತ ಮೇಲೆ, ಬೆಲೆಯನ್ನು ಪೂರ್ಣಸಂಖ್ಯೆಗೆ ತರುವ ಹಳೆಯ ಅಭ್ಯಾಸದಿಂದ ಮತ್ತಷ್ಟು ತುಂಬಿಸಲೇಕೂಡದು. ಹೆಚ್ಚಾದ ಪೆಟ್ರೋಲು ಆ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸುತ್ತದೆ.

ಮುಚ್ಚಳದಿಂದ ಪರಿಹಾರವಾಗದಿದ್ದರೆ, ಕಾರಿನ ಕಂಪ್ಯೂಟರು ದಾಖಲಿಸಿಟ್ಟ ದೋಷದ ಕೋಡನ್ನು ಓದಬೇಕು. ಸ್ಟೇರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಬಳಿ, ಹದಿನಾರು ಪಿನ್ನುಗಳ ಸಾಕೆಟ್ಟೊಂದಿರುತ್ತದೆ. ಇಪ್ಪತ್ತು ಮೂವತ್ತು ಡಾಲರಿಗೆ ದೊರೆಯುವ ಸಾಮಾನ್ಯ ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿದರೆ ಪಿ ಅಕ್ಷರದಿಂದ ಆರಂಭವಾಗುವ ಸಂಖ್ಯೆಯೊಂದು ಕಾಣಿಸುತ್ತದೆ. ಅದನ್ನು ಬರೆದಿಟ್ಟುಕೊಳ್ಳಿರಿ, ಅದರೊಡನೆ, ದೋಷ ಸಂಭವಿಸಿದ ಕ್ಷಣದಲ್ಲಿದ್ದ ವೇಗ, ತಾಪ ಮುಂತಾದ ವಿವರಗಳನ್ನು ತೋರಿಸುವ ಫ್ರೀಜ್ ಫ್ರೇಮ್ ಎಂಬ ಪುಟವನ್ನೂ ಚಿತ್ರ ತೆಗೆದಿಟ್ಟುಕೊಳ್ಳಿರಿ.

ಇಲ್ಲಿಯೇ ಬಹು ಮಂದಿ ಮುಗ್ಗರಿಸುವುದು. ಕೋಡು ತಿಳಿಸುವುದು ಲಕ್ಷಣವನ್ನೇ ಹೊರತು ಕೆಟ್ಟುಹೋದ ಭಾಗವನ್ನಲ್ಲ. ಪಿ0171 ಎಂಬುದು ಇಂಧನಕ್ಕೆ ಹೋಲಿಸಿದರೆ ಗಾಳಿ ಅಧಿಕವಾಗಿದೆಯೆಂಬುದನ್ನು ಮಾತ್ರ ಹೇಳುತ್ತದೆ. ಅದಕ್ಕೆ ಬಿರಿದ ರಬ್ಬರು ಕೊಳವೆ ಕಾರಣವಾಗಿರಬಹುದು, ಗಾಳಿಯನ್ನು ಅಳೆಯುವ ಸೆನ್ಸರಿನ ಮೇಲೆ ಕುಳಿತ ಧೂಳಾಗಿರಬಹುದು, ಬಲಗುಂದಿದ ಪೆಟ್ರೋಲ್ ಪಂಪೂ ಆಗಿರಬಹುದು. ಇವುಗಳನ್ನು ಪರೀಕ್ಷಿಸದೆ ಆಕ್ಸಿಜನ್ ಸೆನ್ಸರನ್ನು ಬದಲಾಯಿಸಿದರೆ ಹಣ ಹೋಗುತ್ತದೆ, ದೀಪ ಉಳಿಯುತ್ತದೆ. ಪಿ0420 ಎಂಬುದು ಕನ್ವರ್ಟರಿನ ಸಾಮರ್ಥ್ಯ ತಗ್ಗಿದೆಯೆಂದು ಸೂಚಿಸುತ್ತದಾದರೂ, ಹೊಗೆಕೊಳವೆಯ ಸೋರಿಕೆಯಿಂದಲೂ ಅದೇ ಕೋಡು ಬರುವುದುಂಟು. ಕನ್ವರ್ಟರೇ ಕೆಟ್ಟಿದ್ದರೂ, ಅದನ್ನು ಕೆಡಿಸಿದ ಮೂಲಕಾರಣವನ್ನು, ಎಂದರೆ ಎಣ್ಣೆ ಉರಿಯುವುದನ್ನೋ, ಪೆಟ್ರೋಲು ಉರಿಯದೆ ಸಿಲಿಂಡರ್ ತಪ್ಪುವುದನ್ನೋ ಸರಿಪಡಿಸದಿದ್ದರೆ ಹೊಸದೂ ಅದೇ ಗತಿಯನ್ನು ಕಾಣುತ್ತದೆ. ಈ ರಾಜ್ಯದಲ್ಲಿ ಹಾಕಿಸುವ ಕನ್ವರ್ಟರಿಗೆ ಇಲ್ಲಿನ ವಾಯುಸಂಪನ್ಮೂಲ ಮಂಡಳಿಯ ಅನುಮೋದನೆ ಇರಬೇಕಾದುದರಿಂದ ಅದರ ಬೆಲೆಯೂ ಹೆಚ್ಚು.

ಕೆಲವು ಕೋಡುಗಳನ್ನು ಗೃಹಸ್ಥರೇ ಬೆನ್ನಟ್ಟಬಹುದು. ಪಿ0302 ಎಂದರೆ ಎರಡನೆಯ ಸಿಲಿಂಡರ್ ತಪ್ಪುತ್ತಿದೆಯೆಂದು ಅರ್ಥ. ಸಿಲಿಂಡರಿಗೊಂದರಂತೆ ಇಗ್ನಿಷನ್ ಕಾಯಿಲ್ ಉಳ್ಳ ಕಾರಾದರೆ, ಎಂಜಿನ್ ತಣ್ಣಗಿರುವಾಗ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದರದನ್ನು ಎರಡನೆಯದಕ್ಕೂ ಅದಲುಬದಲು ಮಾಡಿ, ಕೋಡನ್ನು ಅಳಿಸಿ, ಸ್ವಲ್ಪ ಓಡಿಸಿ ಮತ್ತೆ ಓದಿರಿ. ಈಗ ಪಿ0303 ಕಾಣಿಸಿದರೆ ಕೆಟ್ಟಿರುವುದು ಆ ಕಾಯಿಲೇ. ಮತ್ತೆ ಪಿ0302 ಬಂದರೆ ಪ್ಲಗ್ಗನ್ನೋ ಇಂಜೆಕ್ಟರನ್ನೋ ಶಂಕಿಸಬೇಕು. ಒಂದು ಭಾಗವನ್ನೂ ಕೊಳ್ಳದೆ, ತರ್ಕದಿಂದಲೇ ದೋಷದ ನೆಲೆಯನ್ನು ಕಂಡುಕೊಳ್ಳುವ ಈ ರೀತಿ ನನಗೆ ಬಹಳ ಮೆಚ್ಚಿಕೆಯಾದದ್ದು. ಹೈಸ್ಕೂಲು ಓದುವ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಬಹುದು.

ಪರೀಕ್ಷೆಗಾಗಿ ಕೋಡನ್ನು ಅಳಿಸುವುದು ಬೇರೆ, ದೋಷವನ್ನು ಮರೆಮಾಚಲು ಅಳಿಸುವುದು ಬೇರೆ. ಅಳಿಸಿದೊಡನೆಯೇ, ಬ್ಯಾಟರಿಯ ತಂತಿ ಕಳಚಿದರೂ ಬಹುಪಾಲು ಹಾಗೆಯೇ, ಕಂಪ್ಯೂಟರು ತಾನು ಮುಗಿಸಿದ್ದ ಸ್ವಯಂಪರೀಕ್ಷೆಗಳನ್ನೆಲ್ಲ ಅಪೂರ್ಣವೆಂದು ಗುರುತುಮಾಡುತ್ತದೆ. ಇದು ಹಳೆಯ ಕಾರು ಕೊಳ್ಳುವವರಿಗೆ ಅತ್ಯಂತ ಉಪಯುಕ್ತವಾದ ಸಂಗತಿ. ಮಾರುವವರ ಮನೆಗೆ ಹೋಗುವಾಗ ಸ್ಕ್ಯಾನರನ್ನು ಜೊತೆಗೆ ಒಯ್ದು, ರೆಡಿನೆಸ್ ಎಂಬ ಪುಟವನ್ನು ತೆರೆದು ನೋಡಿರಿ. ದೀಪ ಆರಿದ್ದರೂ ಹಲವು ಪರೀಕ್ಷೆಗಳು ಅಪೂರ್ಣವಾಗಿದ್ದರೆ, ಈಚೆಗೆ ಯಾರೋ ಕೋಡು ಅಳಿಸಿರುವ ಸಂಭವ ಹೆಚ್ಚು. ಅವು ಪೂರ್ಣವಾಗುವವರೆಗೆ ಹಣ ಕೊಡಬೇಡಿ. ನಾಲ್ಕು ವರ್ಷಗಳಿಗಿಂತ ಹಳೆಯ ಪೆಟ್ರೋಲ್ ಕಾರಾದರೆ, ಮಾರುವವರೇ ಸ್ಮಾಗ್ ಪರೀಕ್ಷೆಯ, ಎಂದರೆ ಹೊಗೆಯ ತಪಾಸಣೆಯ, ಪ್ರಮಾಣಪತ್ರವನ್ನು ಒದಗಿಸಬೇಕೆಂಬುದು ಇಲ್ಲಿನ ಸಾಮಾನ್ಯ ನಿಯಮ. ದೀಪ ಉರಿಯುತ್ತಿದ್ದರೆ ಕಾರು ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗದು. 2010ರಿಂದೀಚೆಗಿನ ಮಾದರಿಗಳಲ್ಲಿ ಸ್ಕ್ಯಾನರಿನಿಂದ ಅಳಿಸಲಾಗದ ಶಾಶ್ವತ ಕೋಡುಗಳೂ ಇದ್ದು, 2019ರ ಜುಲೈಯಿಂದ ಪರೀಕ್ಷಾ ಕೇಂದ್ರಗಳಲ್ಲಿ ಅವನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ.

ಗ್ಯಾರೇಜಿಗೆ ಹೋಗಲೇಬೇಕಾದಾಗ ಸಂಕೋಚ ಬೇಡ. ಕ್ಯಾಲಿಫೋರ್ನಿಯದ ಕಾನೂನಿನಂತೆ ಕೆಲಸ ಆರಂಭಿಸುವ ಮೊದಲು ಅವರು ಅಂದಾಜು ವೆಚ್ಚವನ್ನು ಬರಹದಲ್ಲಿ ಕೊಡಬೇಕು. ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮೀರುವಂತಿಲ್ಲ. ಮೊದಲೇ ಕೇಳಿದಲ್ಲಿ ತೆಗೆದ ಹಳೆಯ ಭಾಗವನ್ನು ಸಾಮಾನ್ಯವಾಗಿ ಹಿಂದಿರುಗಿಸಬೇಕು. ಭಾಗವನ್ನು ಬದಲಾಯಿಸಿಕೊಡಿ ಎನ್ನುವುದಕ್ಕಿಂತ, ಕಾರಣವನ್ನು ಕಂಡುಹಿಡಿಯಿರಿ ಎಂದು ಹೇಳಿ, ಆ ಪರೀಕ್ಷೆಯ ಶುಲ್ಕವನ್ನು ಮನಃಪೂರ್ವಕವಾಗಿ ಕೊಡಿರಿ. ಕುಶಲನಾದ ಮೆಕ್ಯಾನಿಕ್ಕು ಯೋಚಿಸಿ ಪರೀಕ್ಷಿಸುವ ಒಂದು ಗಂಟೆ, ಊಹೆಯಿಂದ ಹಾಕಿಸಿದ ಭಾಗಕ್ಕಿಂತ ಬಹಳ ಅಗ್ಗ. ಕೆಟ್ಟಿರುವುದು ಕನ್ವರ್ಟರು ಅಥವಾ ಎಂಜಿನ್ನಿನ ಕಂಪ್ಯೂಟರು ಎಂದು ಅವರು ಹೇಳಿದರೆ, ಒಪ್ಪಿಗೆಯ ಸಹಿ ಹಾಕುವ ಮುನ್ನ ಕಾರಿನ ಜೊತೆಗೆ ಬಂದ ವಾರಂಟಿ ಪುಸ್ತಕವನ್ನು ತೆರೆದು ನೋಡಿರಿ: ಈ ಎರಡು ಭಾಗಗಳಿಗೆ ಕೇಂದ್ರ ಸರ್ಕಾರದ ಕಾನೂನಿನಂತೆ ಎಂಟು ವರ್ಷ ಅಥವಾ 80,000 ಮೈಲಿ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ತಯಾರಕರೇ ಹೊಣೆ, ಕಾರು ಕೈ ಬದಲಾಯಿಸಿದ್ದರೂ ಆ ಹಕ್ಕು ಕಾರಿನೊಡನೆಯೇ ಬರುತ್ತದೆ.